ಕಿಸೆಯ ಪಿಸ್ತೂಲು: ಹಗುರತನ, ಒದೆತ ಮತ್ತು ಭರವಸೆಯನ್ನು ತೂಗಿ ನೋಡುವ ಸಮಗ್ರ ಮಾರ್ಗದರ್ಶಿ

ಸ್ವರಕ್ಷಣೆಗೆಂದು ಲೈಸೆನ್ಸ್ ಪಡೆದು ಅಂಗಡಿಗೆ ಹೋದವರು ಪಿಸ್ತೂಲನ್ನು ಅಂಗೈಯಲ್ಲಿ ಇಟ್ಟುಕೊಂಡು ಮೊದಲು ನೋಡುವುದು ಅದರ ಭಾರವನ್ನು. ಬೆಳಗಾವಿಯ ಬಂಗಾರದ ಅಂಗಡಿಯವರಿರಲಿ, ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗಳಿರಲಿ, ರಾತ್ರಿ ಹೊತ್ತು ರೊಕ್ಕ ಹಿಡಿದುಕೊಂಡು ಓಡಾಡಬೇಕಾದವರೆಲ್ಲರ ಬಯಕೆ ಒಂದೇ: ಅಂಗಿಯ ಕಿಸೆ ಜೋತು ಬೀಳಬಾರದು, ಹೊರಗಿನವರಿಗೆ ಕಾಣಬಾರದು. ಬಯಕೆ ನ್ಯಾಯವಾದದ್ದೇ. ಆದರೆ ಪಿಸ್ತೂಲಿನಿಂದ ತೆಗೆದುಹಾಕಿದ ಪ್ರತಿ ನೂರು ಗ್ರಾಂ ತೂಕಕ್ಕೂ ಎರಡು ಕಡೆ ಬೆಲೆ ಕೊಡಬೇಕಾಗುತ್ತದೆ. ಒಂದನ್ನು ಕೈ ಕೊಡುತ್ತದೆ, ಇನ್ನೊಂದನ್ನು ಯಂತ್ರ ಕೊಡುತ್ತದೆ. ಕೈ ಕೊಡುವ ಬೆಲೆ ಮೊದಲ ಗುಂಡಿಗೇ ತಿಳಿಯುತ್ತದೆ. ಯಂತ್ರ ಕೊಡುವ ಬೆಲೆ ಬೇಕಾದ ಹೊತ್ತಿನಲ್ಲಿ ಪಿಸ್ತೂಲು ಸಿಕ್ಕಿಹಾಕಿಕೊಂಡಾಗಲಷ್ಟೇ ತಿಳಿಯುತ್ತದೆ. ಈ ಎರಡನ್ನೂ ಕೊಳ್ಳುವ ಮೊದಲೇ ಅಳೆದು ನೋಡುವ ಕ್ರಮವನ್ನೂ, ಕೊಂಡ ಮೇಲೆ ಪರೀಕ್ಷಿಸುವ ಕ್ರಮವನ್ನೂ ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಕಾನೂನು ಬಿಟ್ಟಿರುವ ಆಯ್ಕೆಯನ್ನು ತಿಳಿದುಕೊಳ್ಳುವುದು

ಅಮೆರಿಕದ ವಿಡಿಯೋಗಳಲ್ಲಿ ಹೊಗಳುವ ಚಿಕ್ಕ ಪಿಸ್ತೂಲುಗಳಲ್ಲಿ ಬಹುತೇಕವು ನಮ್ಮ ಪಾಲಿಗೆ ಇಲ್ಲ. ಶಸ್ತ್ರಾಸ್ತ್ರ ಕಾಯ್ದೆ 1959ರ ಅಡಿಯಲ್ಲಿ 9 ಮಿ.ಮೀ. ಪ್ಯಾರಾಬೆಲಮ್ ನಿಷೇಧಿತ ಬೋರ್ (ನಳಿಕೆಯ ಒಳ ಅಳತೆ) ಆಗಿರುವುದರಿಂದ ಸಾಮಾನ್ಯ ಲೈಸೆನ್ಸುದಾರರಿಗೆ ದಕ್ಕುವುದು ಹೆಚ್ಚಾಗಿ .32 ಬೋರಿನ ಪಿಸ್ತೂಲು, .32 ಬೋರಿನ ರಿವಾಲ್ವರ್ ಅಥವಾ .22 ಬೋರಿನ ಆಯುಧ ಮಾತ್ರ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಟ್ಟುಕೊಳ್ಳುವಂತಿಲ್ಲ, ಲೈಸೆನ್ಸಿನ ಅವಧಿ ಐದು ವರ್ಷ. ಅಂದರೆ ಒಂದು ಸರಿಹೋಗಲಿಲ್ಲವೆಂದು ಇನ್ನೊಂದು, ಮತ್ತೊಂದು ಎಂದು ಕೊಂಡು ನೋಡುವ ಅವಕಾಶ ಇಲ್ಲಿ ಇಲ್ಲ. ಗುಂಡುಗಳೂ ಅಷ್ಟೇ: ಲೈಸೆನ್ಸಿನಲ್ಲಿ ಬರೆದಷ್ಟೇ ಕೊಳ್ಳಬಹುದು. ಕೊಳ್ಳುವ ಮೊದಲಿನ ಯೋಚನೆಗೆ ನಮ್ಮಲ್ಲಿ ಇಷ್ಟು ಮಹತ್ವ ಇರುವುದು ಈ ಕಾರಣಕ್ಕೇ.

ಸಿಗುವ ಸರಕು ಮುಖ್ಯವಾಗಿ ಎರಡು ಬಗೆಯದು. ಮೊದಲನೆಯದು ಸರ್ಕಾರಿ ಕಾರ್ಖಾನೆಗಳದು: ಬ್ಲೋಬ್ಯಾಕ್ ಬಗೆಯ (ನಳಿಕೆಗೆ ಬೀಗವಿಲ್ಲದ) .32 ಪಿಸ್ತೂಲು 'ಅಶನಿ', 2014ರಲ್ಲಿ ಕಾನ್ಪುರದಿಂದ ಬಂದ ಸುಮಾರು ಅರ್ಧ ಕಿಲೋ ತೂಕದ .32 ರಿವಾಲ್ವರ್ 'ನಿರ್ಭೀಕ್', ಸುಮಾರು 250 ಗ್ರಾಂ ತೂಗುವ .22 ರಿವಾಲ್ವರ್ 'ನಿಡರ್', 2023ರಲ್ಲಿ ಬಂದ, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ಸುಮಾರು 700 ಗ್ರಾಂ ತೂಕದ 'ಪ್ರಬಲ್' ಮುಂತಾದವು. ಎರಡನೆಯದು 1980ರ ದಶಕದಲ್ಲಿ ಖಾಸಗಿ ಆಮದಿಗೆ ತಡೆ ಬೀಳುವ ಮೊದಲು ದೇಶದೊಳಗೆ ಬಂದು, ಕೈಯಿಂದ ಕೈಗೆ ಲೈಸೆನ್ಸಿನ ಮೂಲಕವೇ ದಾಟುತ್ತಿರುವ ಹಳೆಯ ವಿದೇಶಿ ಪಿಸ್ತೂಲುಗಳು: ವಾಲ್ಥರ್ ಪಿಪಿಕೆ, ಕೋಲ್ಟ್‌ನ 1903ರ ಮಾದರಿ, ಬ್ರೌನಿಂಗ್‌ಗಳು. ಈ ಹಳೆಯವುಗಳಿಗೆ ಲಕ್ಷಗಟ್ಟಲೆ ಬೆಲೆ ಹೇಳುತ್ತಾರೆ. ಹೆಸರಿಗೆ ಮರುಳಾಗಿ ಅಷ್ಟು ರೊಕ್ಕ ಸುರಿಯುವ ಮೊದಲು ಮುಂದಿನ ಹೆಜ್ಜೆಗಳನ್ನು ಗಮನವಿಟ್ಟು ಓದಬೇಕು.

ಇಲ್ಲಿಯೇ ಒಂದು ಎಚ್ಚರಿಕೆ. .32 ಪಿಸ್ತೂಲಿನ ಗುಂಡು ಮತ್ತು .32 ರಿವಾಲ್ವರಿನ ಗುಂಡು ಒಂದೇ ಅಲ್ಲ. ಪಿಸ್ತೂಲಿನದು .32 ಎಸಿಪಿ, ಅದರ ತೋಟಾದ (ಮದ್ದು ತುಂಬಿದ ಲೋಹದ ಕೊಳವೆಯ) ಉದ್ದ 17 ಮಿ.ಮೀ.; ರಿವಾಲ್ವರಿನದು .32 ಎಸ್ ಆ್ಯಂಡ್ ಡಬ್ಲ್ಯು ಲಾಂಗ್, ಅದರ ತೋಟಾದ ಉದ್ದ ಸುಮಾರು 23 ಮಿ.ಮೀ. ಪಿಸ್ತೂಲಿನ ಗುಂಡು ಕೆಲವು ರಿವಾಲ್ವರುಗಳಲ್ಲಿ ಗುಂಡು ಕೂಡುವ ಮನೆಯೊಳಗೆ ಹೊಕ್ಕು ಕೂಡುತ್ತದೆ. ಕೂಡುತ್ತದೆ ಎಂಬ ಒಂದೇ ಕಾರಣಕ್ಕೆ ಹಾರಿಸಬಾರದು. ಅದರ ಒತ್ತಡವನ್ನು ತಡೆಯಲೆಂದು ಹಳೆಯ ರಿವಾಲ್ವರುಗಳನ್ನು ಮಾಡಿಲ್ಲ.

ಎರಡನೆಯ ಹೆಜ್ಜೆ: ಒದೆತದ ಲೆಕ್ಕವನ್ನು ಕಾಗದದ ಮೇಲೆ ಮಾಡುವುದು

ಒದೆತವನ್ನು ಅಂದಾಜು ಮಾಡಲು ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಿದರೆ ಬರುವ ಸಂಖ್ಯೆಯೂ, ಪಿಸ್ತೂಲಿನ ತೂಕವನ್ನು ಅದು ಹಿಂದಕ್ಕೆ ಬರುವ ವೇಗದಿಂದ ಗುಣಿಸಿದರೆ ಬರುವ ಸಂಖ್ಯೆಯೂ ಸರಿಸುಮಾರು ಸಮ. .32 ಎಸಿಪಿಯ ಗುಂಡು ಸುಮಾರು 4.6 ಗ್ರಾಂ ತೂಗುತ್ತದೆ; ಅದು ಸೆಕೆಂಡಿಗೆ 275 ಮೀಟರಿನಷ್ಟು ವೇಗದಲ್ಲಿ ಹೋಗುತ್ತದೆ ಎಂದು ಇಟ್ಟುಕೊಳ್ಳೋಣ. 700 ಗ್ರಾಂ ತೂಕದ ಪಿಸ್ತೂಲು ಆಗ ಸೆಕೆಂಡಿಗೆ 1.8 ಮೀಟರ್ ವೇಗದಲ್ಲಿ ಅಂಗೈಯನ್ನು ಒದೆಯುತ್ತದೆ, ಆ ಒದೆತದ ಶಕ್ತಿ 1.1 ಜೂಲಿನಷ್ಟು. ಅದೇ ಗುಂಡನ್ನು 350 ಗ್ರಾಂ ಪಿಸ್ತೂಲಿನಿಂದ ಹಾರಿಸಿದರೆ ವೇಗ 3.6 ಮೀಟರ್, ಶಕ್ತಿ 2.3 ಜೂಲ್. ತೂಕ ಅರ್ಧವಾದರೆ ಒದೆತದ ವೇಗವೂ ಎರಡರಷ್ಟು, ಶಕ್ತಿಯೂ ಎರಡರಷ್ಟು. ಮದ್ದು ಸುಟ್ಟು ಬಾಯಿಂದ ನುಗ್ಗುವ ಅನಿಲದ ಪಾಲನ್ನು ಇದರಲ್ಲಿ ಸೇರಿಸಿಲ್ಲ. ಸೇರಿಸಿದರೆ ಎರಡೂ ಅಂಕಿ ಇನ್ನಷ್ಟು ಏರುತ್ತವೆ.

ದೊಡ್ಡ ಬಂದೂಕುಗಳಿಗೆ ಹೋಲಿಸಿದರೆ ಇದು ಅಲ್ಪ ಶಕ್ತಿಯೇ. ಆದರೂ ಚಿಕ್ಕ ಪಿಸ್ತೂಲು ಕೈಗೆ ಚುರುಕ್ಕನೆ ನೋವು ಕೊಡುವುದಕ್ಕೆ ಕಾರಣ ಅದರ ಆಕಾರ. ಹಿಡಿ ತೆಳ್ಳಗಿರುವುದರಿಂದ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮೆತ್ತನೆಯ ಚರ್ಮದ ಒಂದು ಕಿರುಪಟ್ಟಿಯ ಮೇಲೆ ಎಲ್ಲ ಒದೆತವೂ ಬೀಳುತ್ತದೆ. ಹಿಡಿ ಗಿಡ್ಡವಾಗಿರುವುದರಿಂದ ಕಿರುಬೆರಳಿಗೆ ಜಾಗವಿಲ್ಲ. ಎರಡು ಬೆರಳುಗಳೇ ಇಡೀ ಭಾರವನ್ನು ತಡೆಯಬೇಕು, ಹೀಗಾಗಿ ಮೂತಿ ಮೇಲಕ್ಕೆ ಹಾರುತ್ತದೆ. ಪಿಪಿಕೆಯಂಥ ಪಿಸ್ತೂಲುಗಳಲ್ಲಿ ಮಾಂಸಲ ಕೈಯವರಿಗೆ ಹಿಂದೆ ಬರುವ ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗದ) ಅಂಚು ಚರ್ಮವನ್ನು ಕೊರೆಯುವುದೂ ಉಂಟು. ಅಂಗಡಿಯಲ್ಲಿ ಪಿಸ್ತೂಲು ಖಾಲಿ ಇರುವುದನ್ನು ಖಚಿತಪಡಿಸಿಕೊಂಡು, ಗುಂಡು ಹಾರಿಸುವ ಹಿಡಿತದಲ್ಲೇ ಹಿಡಿದು, ಇನ್ನೊಬ್ಬರಿಂದ ಸ್ಲೈಡನ್ನು ನಿಧಾನವಾಗಿ ಹಿಂದಕ್ಕೆ ಎಳೆಯಿಸಿ ನೋಡಿದರೆ ಅದು ನಿಮ್ಮ ಚರ್ಮಕ್ಕೆ ತಾಗುತ್ತದೆಯೋ ಇಲ್ಲವೋ ಅಲ್ಲಿಯೇ ಗೊತ್ತಾಗುತ್ತದೆ.

ನೋವು ತಡೆದುಕೊಳ್ಳುತ್ತೇನೆ ಎನ್ನುವವರು ಒಂದು ಮಾತನ್ನು ಮರೆಯುತ್ತಾರೆ. ನೋವಿನ ನಿರೀಕ್ಷೆಯೇ ಗುರಿಯನ್ನು ಕೆಡಿಸುತ್ತದೆ. ಒದೆತ ಬರುವ ಮೊದಲೇ ಕೈ ಅದನ್ನು ಎದುರಿಸಲು ಮೂತಿಯನ್ನು ಕೆಳಕ್ಕೆ ಒತ್ತುತ್ತದೆ, ಗುಂಡು ಗುರಿಯ ಕೆಳಗೆ ಬೀಳುತ್ತದೆ. ಅಭ್ಯಾಸ ನೋವು ಕೊಡುವಂತಿದ್ದರೆ ಮನುಷ್ಯ ಅಭ್ಯಾಸವನ್ನೇ ಬಿಡುತ್ತಾನೆ. ಅತಿ ಹಗುರ ಪಿಸ್ತೂಲು ವರ್ಷಗಟ್ಟಲೆ ಒಂದು ಗುಂಡನ್ನೂ ಹಾರಿಸದೆ ಕಿಸೆಯಲ್ಲೇ ಉಳಿದುಬಿಡಬಹುದು.

ಮೂರನೆಯ ಹೆಜ್ಜೆ: ಹಗುರ ಪಿಸ್ತೂಲು ಏಕೆ ತಡವರಿಸುತ್ತದೆ ಎಂದು ಅರಿಯುವುದು

ಈ ವಿಷಯದಲ್ಲಿ ನಿಧಾನಿಸಬೇಕು, ಏಕೆಂದರೆ ಕೊಳ್ಳುವವರಲ್ಲಿ ಹೆಚ್ಚಿನವರು ಒದೆತದ ಬಗ್ಗೆ ಕೇಳುತ್ತಾರೆಯೇ ಹೊರತು ಇದರ ಬಗ್ಗೆ ಕೇಳುವುದಿಲ್ಲ.

ಆಟೋ ಪಿಸ್ತೂಲು ತನ್ನ ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವುದು ಹಿಂದಿನ ಗುಂಡಿನ ಒದೆತದ ಬಲದಿಂದ. ಸ್ಲೈಡ್ ಹಿಂದಕ್ಕೆ ಹೋಗಬೇಕು, ಖಾಲಿ ತೋಟಾವನ್ನು ಎಳೆದು ಹೊರಗೆ ಎಸೆಯಬೇಕು, ಸ್ಪ್ರಿಂಗನ್ನು ಒತ್ತಬೇಕು, ಮರಳಿ ಮುಂದಕ್ಕೆ ಬರುವಾಗ, ಹಿಡಿಯೊಳಗೆ ಗುಂಡುಗಳನ್ನು ಇಡುವ ಡಬ್ಬಿಯಾದ ಮ್ಯಾಗಜಿನ್‌ನ ಮೇಲಿನ ಗುಂಡನ್ನು ನೂಕಿ ನಳಿಕೆಯೊಳಗೆ ಕೂಡಿಸಬೇಕು. ಅಶನಿ, ಪಿಪಿಕೆ ಮುಂತಾದ ಬ್ಲೋಬ್ಯಾಕ್ ಪಿಸ್ತೂಲುಗಳಲ್ಲಿ ನಳಿಕೆಗೂ ಸ್ಲೈಡಿಗೂ ಯಾವ ಬೀಗವೂ ಇಲ್ಲ. ಒತ್ತಡ ಇಳಿಯುವವರೆಗೆ ಹಿಂಬದಿಯನ್ನು ಮುಚ್ಚಿ ಹಿಡಿಯುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗುವು. ಸ್ಲೈಡಿನ ತೂಕ ಇಳಿಸಿದರೆ ಸ್ಪ್ರಿಂಗನ್ನು ಬಿಗಿ ಮಾಡಲೇಬೇಕು. ಸ್ಪ್ರಿಂಗ್ ಬಿಗಿಯಾದರೆ ವಯಸ್ಸಾದವರಿಗೂ, ಕೀಲುನೋವು ಇದ್ದವರಿಗೂ ಸ್ಲೈಡನ್ನು ಎಳೆಯುವುದೇ ಕಷ್ಟ. ನಳಿಕೆ ಬೀಗಗೊಂಡು ಸ್ವಲ್ಪ ಹಿಂದೆ ಸರಿದು ಓರೆಯಾಗುವ ವಿನ್ಯಾಸದಲ್ಲಿ ಈ ತೊಡಕು ಕಡಿಮೆ. ಅಮೆರಿಕದಲ್ಲಿ 1999ರಲ್ಲಿ ಬಂದ ಕೆಲ್‌ಟೆಕ್ ಪಿ-32 ಖಾಲಿ ಇದ್ದಾಗ 200 ಗ್ರಾಂಗಿಂತ ಕಡಿಮೆ ತೂಗುವಂತಾಗಿದ್ದು ಆ ವಿನ್ಯಾಸದಿಂದಲೇ. ಆದರೆ ಹಾಗೆ ತೂಕ ಇಳಿಸಿದ ಪಿಸ್ತೂಲಿನಲ್ಲಿ ಪ್ರತಿಯೊಂದು ಚಿಕ್ಕ ಭಾಗವೂ ಹೆಚ್ಚಿನ ವೇಗದಲ್ಲಿ ಬಡಿದುಕೊಳ್ಳುತ್ತದೆ, ಸ್ಪ್ರಿಂಗುಗಳನ್ನು ಬೇಗ ಬದಲಿಸಬೇಕಾಗುತ್ತದೆ.

ಚಿಕ್ಕ ಪಿಸ್ತೂಲಿನ ಸ್ಲೈಡಿಗೆ ಓಡಾಡಲು ಜಾಗವೂ ಕಡಿಮೆ, ಸಮಯವೂ ಕಡಿಮೆ. ದೊಡ್ಡ ಪಿಸ್ತೂಲಿನ ಸ್ಲೈಡ್ ಗುಂಡನ್ನು ದಾಟಿ ಇನ್ನಷ್ಟು ಹಿಂದಕ್ಕೆ ಹೋಗಿ ಬರುವುದರಿಂದ ಅಷ್ಟರಲ್ಲಿ ಮ್ಯಾಗಜಿನ್ ತನ್ನ ಗುಂಡನ್ನು ಮೇಲೆತ್ತಿ ಸಿದ್ಧವಾಗಿರುತ್ತದೆ. ಚಿಕ್ಕದರಲ್ಲಿ ಗುಂಡಿನ ಹಿಂದೆ ಉಳಿಯುವ ಜಾಗ ಬಲು ಕಡಿಮೆ. ಮ್ಯಾಗಜಿನ್‌ನ ಸ್ಪ್ರಿಂಗ್ ತುಸು ದಣಿದಿದ್ದರೂ ಗುಂಡು ಮೇಲೇರುವ ಮೊದಲೇ ಸ್ಲೈಡ್ ಅದರ ಮೇಲೆ ಹಾದುಹೋಗುತ್ತದೆ. ಕೊಳೆ, ಎಣ್ಣೆಯ ಜಿಡ್ಡು, ಕಡಿಮೆ ಬಲದ ಗುಂಡು, ಸಡಿಲ ಮುಂಗೈ, ಇವುಗಳಲ್ಲಿ ಯಾವುದೇ ಒಂದನ್ನು ದೊಡ್ಡ ಪಿಸ್ತೂಲು ನುಂಗಿಕೊಳ್ಳುತ್ತದೆ, ಚಿಕ್ಕದು ನುಂಗಿಕೊಳ್ಳುವುದಿಲ್ಲ.

ಸಡಿಲ ಮುಂಗೈ ಎಂದೆನಲ್ಲ, ಅದು ಹೆಚ್ಚಾಗಿ ಕಾಣುವ ಕಾರಣಗಳಲ್ಲಿ ಒಂದು. ಸ್ಲೈಡ್ ಹಿಂದೆ ಹೋಗುವಾಗ ಹಿಡಿಯಿರುವ ಕೆಳಭಾಗ, ಅಂದರೆ ಚೌಕಟ್ಟು, ನಿಂತಲ್ಲೇ ನಿಲ್ಲಬೇಕು. ಮುಂಗೈ ಬಾಗಿ ಚೌಕಟ್ಟೂ ಸ್ಲೈಡಿನ ಜೊತೆಗೇ ಹಿಂದಕ್ಕೆ ಬಂದುಬಿಟ್ಟರೆ ಸ್ಲೈಡಿನ ಪ್ರಯಾಣ ಅರ್ಧಕ್ಕೇ ಮುಗಿಯುತ್ತದೆ, ಖಾಲಿ ತೋಟಾ ಹೊರಗೆ ಬೀಳದೆ ಸ್ಲೈಡಿನ ತೆರಪಿನಲ್ಲೇ ಸೆಟೆದು ನಿಲ್ಲುತ್ತದೆ. ಭಾರವಾದ ಚೌಕಟ್ಟು ತನ್ನ ತೂಕದಿಂದಲೇ ನಿಲ್ಲಬಲ್ಲದು. ಹಗುರ ಚೌಕಟ್ಟಿಗೆ ಆ ತೂಕ ಇಲ್ಲ, ಕೈಯೇ ನಿಲ್ಲಿಸಬೇಕು. ಸೈನ್ಯದಿಂದ ನಿವೃತ್ತರಾದ ಬೆಳಗಾವಿಯ ಸುಬೇದಾರರೊಬ್ಬರು ಕಲಿಯಲು ಬಂದ ವ್ಯಾಪಾರಿಯೊಬ್ಬರ ಮುಂಗೈಯನ್ನು ಹಿಂದಿನಿಂದ ಹಿಡಿದು ಹೇಳಿದ ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ: "ಮುಂಗೈ ಸಡ್ಲ ಬಿಡಬ್ಯಾಡ್ರಿ ಸಾವ್ಕಾರ್ರ. ಅದಕ್ಕ ಒದಿಯಾಕ ಗ್ವಾಡಿ ಬೇಕು. ಗ್ವಾಡಿನ ಹಿಂದ ಸರದ್ರ ಹೆಂಗ?" ಹಗುರ ಪಿಸ್ತೂಲಿನ ಒದೆತ ಮತ್ತು ಭರವಸೆ ಬೇರೆ ಬೇರೆ ಸಮಸ್ಯೆಗಳಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಒದೆತಕ್ಕೆ ಹೆದರಿದ ಕೈ ಸಡಿಲವಾಗುತ್ತದೆ, ಸಡಿಲವಾದ ಕೈಯಲ್ಲಿ ಪಿಸ್ತೂಲು ನಿಲ್ಲುತ್ತದೆ.

.32 ಎಸಿಪಿಯಲ್ಲಿ ವಿಶೇಷವಾಗಿ ಕಾಣುವ ಇನ್ನೊಂದು ತೊಡಕಿದೆ. ಜಾನ್ ಬ್ರೌನಿಂಗ್ 1899ರ ಹೊತ್ತಿಗೆ ಈ ಗುಂಡನ್ನು ರೂಪಿಸಿದಾಗ ಅದರ ತೋಟಾದ ಬುಡದ ಅಂಚನ್ನು ಮೈಗಿಂತ ಕೊಂಚ ಹೊರಚಾಚಿ ಇಟ್ಟರು. ಮ್ಯಾಗಜಿನ್ ತುಂಬುವಾಗ ಪ್ರತಿ ಗುಂಡಿನ ಅಂಚೂ ಅದರ ಕೆಳಗಿನ ಗುಂಡಿನ ಅಂಚಿಗಿಂತ ಮುಂದೆ ಕೂಡಬೇಕು. ಮೇಲಿನದರ ಅಂಚು ಕೆಳಗಿನದರ ಹಿಂದಕ್ಕೆ ಬಿದ್ದರೆ ಎರಡೂ ಕೊಂಡಿ ಹಾಕಿಕೊಳ್ಳುತ್ತವೆ. ಸ್ಲೈಡ್ ಎಷ್ಟು ನೂಕಿದರೂ ಗುಂಡು ಹೊರಡುವುದಿಲ್ಲ. ಇದು ಸ್ಲೈಡನ್ನು ಎಳೆದು ಬಿಟ್ಟರೆ ಹೋಗುವ ತಡೆಯಲ್ಲ, ಮ್ಯಾಗಜಿನ್ ಹೊರತೆಗೆದು ಬಿಡಿಸಬೇಕಾದ ತಡೆ. ಒಟ್ಟು ಉದ್ದ ಕಡಿಮೆ ಇರುವ ಗುಂಡುಗಳು ಮ್ಯಾಗಜಿನ್ ಒಳಗೆ ಹಿಂದೆಮುಂದೆ ಅಲ್ಲಾಡುವುದರಿಂದ ಅವುಗಳಲ್ಲಿ ಈ ಅಪಾಯ ಹೆಚ್ಚು. ಪೂರ್ತಿ ಉದ್ದದ, ಗುಂಡನೆಯ ಮೂತಿಯ, ಲೋಹದ ಕವಚವಿರುವ ಗುಂಡನ್ನೇ ಹಾಕುವುದೂ, ತುಂಬುವಾಗ ಒಂದೊಂದನ್ನೂ ಹಿಂದಿನ ಗೋಡೆಗೆ ತಾಗುವವರೆಗೆ ನೂಕಿ ಅಂಚನ್ನು ಕಣ್ಣಾರೆ ನೋಡುವುದೂ ಇದಕ್ಕೆ ಪರಿಹಾರ.

ನಾಲ್ಕನೆಯ ಹೆಜ್ಜೆ: ಪಿಸ್ತೂಲೋ ರಿವಾಲ್ವರೋ ಎಂದು ನಿರ್ಧರಿಸುವುದು

ರಿವಾಲ್ವರ್ ತಿರುಗುವುದು ಬೆರಳಿನ ಬಲದಿಂದ. ಹಿಂದಿನ ಗುಂಡಿನ ಒದೆತ ಅದಕ್ಕೆ ಬೇಕಿಲ್ಲ. ಹೀಗಾಗಿ ಸಡಿಲ ಮುಂಗೈ ಅದನ್ನು ನಿಲ್ಲಿಸಲಾರದು. ಒಂದು ಗುಂಡು ಹೊತ್ತಿಕೊಳ್ಳದಿದ್ದರೆ ಮತ್ತೆ ಟ್ರಿಗರ್ ಎಳೆದಾಗ ಮುಂದಿನ ಗುಂಡು ಬಂದು ನಿಲ್ಲುತ್ತದೆ. ಹೆಚ್ಚು ಅಭ್ಯಾಸ ಮಾಡಲು ಆಗದವರಿಗೂ, ಸ್ಲೈಡ್ ಎಳೆಯುವ ಶಕ್ತಿ ಇಲ್ಲದವರಿಗೂ ರಿವಾಲ್ವರೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಆದರೆ ರಿವಾಲ್ವರಿನ ಟ್ರಿಗರ್ ಉದ್ದಕ್ಕೆ ಎಳೆಯಬೇಕು, ಎಳೆಯಲು ಬೇಕಾದ ಬಲವೂ ಹೆಚ್ಚು. ಆಯುಧ ಹಗುರವಾದಷ್ಟೂ ಆ ಎಳೆತಕ್ಕೆ ಮೂತಿ ಅಲ್ಲಾಡುತ್ತದೆ. ಸಿಲಿಂಡರ್ ಮತ್ತು ನಳಿಕೆಯ ನಡುವಿನ ಸಂದಿಯಿಂದ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುವುದರಿಂದ ಎಡಗೈಯ ಹೆಬ್ಬೆರಳನ್ನು ಅಲ್ಲಿಗೆ ಚಾಚಬಾರದು. ಅತಿ ಹಗುರ ರಿವಾಲ್ವರುಗಳಲ್ಲಿ ಒದೆತದ ಜಗ್ಗಿಗೆ, ಇನ್ನೂ ಹಾರದ ಗುಂಡುಗಳ ಸೀಸ ತೋಟಾದಿಂದ ಮುಂದಕ್ಕೆ ಜಾರಿ ಸಿಲಿಂಡರನ್ನು ತಡೆಯುವುದು ಉಂಟು. 250 ಗ್ರಾಂನ .22 ರಿವಾಲ್ವರ್ ಆಯ್ದುಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು: .22ರ ಗುಂಡಿನಲ್ಲಿ ಸಿಡಿಮದ್ದು ತೋಟಾದ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ, ಅದು ಎಲ್ಲ ಕಡೆಯೂ ಸಮವಾಗಿ ಕೂಡದಿದ್ದರೆ ಹೊತ್ತಿಕೊಳ್ಳದೆ ಇರಬಹುದು. .32ರಲ್ಲಿ ಸಿಡಿಮದ್ದು ನಡುವಿನ ಟೋಪಿಯಲ್ಲಿರುವುದರಿಂದ ಭರವಸೆ ಹೆಚ್ಚು.

ಐದನೆಯ ಹೆಜ್ಜೆ: ಹೊರಲು ಒಪ್ಪುವಷ್ಟು ಭಾರವನ್ನು ಕಂಡುಕೊಳ್ಳುವುದು

ಕೊಳ್ಳುವ ಮೊದಲು ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಕಿರಾಣಿ ತಕ್ಕಡಿಯಲ್ಲಿ ತೂಗಿ ಅರ್ಧ ಕಿಲೋದ ಒಂದು, ಮುಕ್ಕಾಲು ಕಿಲೋದ ಒಂದು ಮರಳಿನ ಗಂಟು ಕಟ್ಟಿಕೊಂಡು, ನೀವು ದಿನವೂ ತೊಡುವ ಬಟ್ಟೆಯ ಕಿಸೆಯಲ್ಲಿ ಒಂದೊಂದು ವಾರ ಇಟ್ಟುಕೊಂಡು ಓಡಾಡಿ. ಧೋತರ ಮತ್ತು ನೆಹರೂ ಅಂಗಿ ತೊಡುವವರಿಗೆ ಪಕ್ಕದ ಕಿಸೆ ಆಳವಾಗಿದ್ದರೂ ಬಟ್ಟೆ ತೆಳ್ಳಗೆ. ಪ್ಯಾಂಟು ತೊಡುವವರಿಗೆ ಮೋಟರ್‌ಸೈಕಲ್ ಮೇಲೆ ಕುಳಿತಾಗ ತೊಡೆಗೆ ಒತ್ತುತ್ತದೆ. ಯಾವ ಭಾರವನ್ನು ವಾರದ ಕೊನೆಗೂ ಬೇಸರವಿಲ್ಲದೆ ಹೊರಬಲ್ಲಿರೋ ಅದೇ ನಿಮ್ಮ ಮಿತಿ. ಆ ಮಿತಿಯೊಳಗೆ ಸಿಗುವ ಎಲ್ಲಕ್ಕಿಂತ ಭಾರವಾದ ಆಯುಧವನ್ನು ಆಯ್ದುಕೊಳ್ಳಿ, ಹಗುರವಾದದ್ದನ್ನಲ್ಲ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ ಎನ್ನುತ್ತೇನೆ.

ಹಳೆಯ ವಿದೇಶಿ ಪಿಸ್ತೂಲನ್ನು ನೋಡುತ್ತಿದ್ದರೆ ಲೈಸೆನ್ಸ್ ಪಡೆದ ಬಂದೂಕು ರಿಪೇರಿಯವರಿಂದ ಬಿಚ್ಚಿಸಿ ನೋಡಬೇಕು. ಸ್ಪ್ರಿಂಗುಗಳು ದಣಿದಿವೆಯೇ, ತೋಟಾ ಎಳೆಯುವ ಕೊಕ್ಕೆಯ ಮೂತಿ ಮುರಿದಿದೆಯೇ, ಮ್ಯಾಗಜಿನ್‌ನ ತುಟಿಗಳು ಬಾಗಿವೆಯೇ, ಚೌಕಟ್ಟಿನಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ನೋಡಲು ಹಗಲು ಬೆಳಕು ಮತ್ತು ಒಂದು ಭೂತಗನ್ನಡಿ ಬೇಕು. ಬಿಡಿಭಾಗ ಸಿಗದ ಪಿಸ್ತೂಲು ಎಷ್ಟೇ ಸುಂದರವಾಗಿದ್ದರೂ ಸ್ವರಕ್ಷಣೆಗೆ ನಂಬತಕ್ಕದ್ದಲ್ಲ.

ಆರನೆಯ ಹೆಜ್ಜೆ: ಕಡಿಮೆ ಗುಂಡುಗಳಲ್ಲಿ ಪರೀಕ್ಷೆ ಮಾಡುವುದು

ಗುಂಡು ಧಾರಾಳವಾಗಿ ಸಿಗುವ ದೇಶಗಳಲ್ಲಿ ಹೊಸ ಪಿಸ್ತೂಲನ್ನು ನಂಬುವ ಮೊದಲು ನೂರಾರು ಗುಂಡು ಹಾರಿಸುವ ರೂಢಿ ಇದೆ. ಲೈಸೆನ್ಸಿನ ಕೋಟಾದಲ್ಲಿ ಬದುಕುವ ನಮಗೆ ಅದು ಸಾಧ್ಯವಿಲ್ಲ. ಆದ್ದರಿಂದ ಒಂದೊಂದು ಗುಂಡಿನಿಂದಲೂ ಹೆಚ್ಚು ಕಲಿಯುವಂತೆ ಪರೀಕ್ಷೆಯನ್ನು ಯೋಜಿಸಬೇಕು.

ಮೊದಲ ಹಂತದಲ್ಲಿ ಜೀವಂತ ಗುಂಡೇ ಬೇಡ. ಮದ್ದಿಲ್ಲದ ಡಮ್ಮಿ ಗುಂಡುಗಳನ್ನು ತುಂಬಿ, ಜೀವಂತ ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಗಟ್ಟಿ ಗೋಡೆಯ ಕಡೆಗೆ ಮೂತಿ ಮಾಡಿ, ಸ್ಲೈಡನ್ನು ಪೂರ್ತಿ ಎಳೆದು ಒಮ್ಮೆಲೇ ಬಿಡಿ. ಕೈಯಿಂದ ಮೆತ್ತಗೆ ಮುಂದಕ್ಕೆ ಒಯ್ಯಬೇಡಿ, ಅದು ಸುಳ್ಳು ತಡೆಯನ್ನು ತೋರಿಸುತ್ತದೆ. ಪ್ರತಿ ಮ್ಯಾಗಜಿನ್‌ನಲ್ಲೂ ಹೀಗೆ ನೋಡಿ. ಮ್ಯಾಗಜಿನ್‌ಗಳ ಬುಡಕ್ಕೆ 1, 2 ಎಂದು ಬಣ್ಣದಲ್ಲಿ ಬರೆದಿಡಿ, ಏಕೆಂದರೆ ತಡೆ ಬರುವುದು ಪಿಸ್ತೂಲಿನಿಂದಲೋ ಒಂದು ಮ್ಯಾಗಜಿನ್‌ನಿಂದಲೋ ಎಂದು ಆಮೇಲೆ ತಿಳಿಯಬೇಕಾಗುತ್ತದೆ.

ಎರಡನೆಯ ಹಂತ ಅನುಮತಿ ಪಡೆದ ಫೈರಿಂಗ್ ರೇಂಜಿನಲ್ಲಿ, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಹಾಕಿಕೊಂಡು. ಹೊಲದಲ್ಲಿ, ಬಾವಿಯ ದಂಡೆಯಲ್ಲಿ ಹಾರಿಸಿ ನೋಡುವುದು ಬೇಡ. ಮದುವೆ ಮೆರವಣಿಗೆಯಲ್ಲಿ ಹಾರಿಸುವುದಂತೂ ಅಪರಾಧ. ಇತರರ ಜೀವಕ್ಕೆ ಅಪಾಯ ತರುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ರೇಂಜಿನಲ್ಲಿ ಮೊದಲ ಮ್ಯಾಗಜಿನ್‌ಗೆ ಒಂದೇ ಒಂದು ಗುಂಡು ಹಾಕಿ. ನಂತರ ಎರಡು, ಆಮೇಲೆ ಪೂರ್ತಿ. ಪೂರ್ತಿ ತುಂಬಿದಾಗ ಮೊದಲ ಗುಂಡು ಕಷ್ಟದಿಂದ ಏರಿದರೆ, ಖಾಲಿಯಾಗುತ್ತ ಬಂದಾಗ ಕೊನೆಯ ಗುಂಡು ತಡವರಿಸಿದರೆ, ಮ್ಯಾಗಜಿನ್‌ನ ಸ್ಪ್ರಿಂಗ್ ಮೇಲೆ ಅನುಮಾನ ಪಡಬೇಕು. ಎರಡು ಕೈಯ ಹಿಡಿತದಲ್ಲಿ ಸರಿಯಾಗಿ ನಡೆದ ಮೇಲೆ ಒಂದೇ ಕೈಯಲ್ಲಿ, ಬಲಗೈಯವರಾದರೆ ಎಡಗೈಯಲ್ಲೂ ಹಾರಿಸಿ ನೋಡಿ. ಹಗುರ ಪಿಸ್ತೂಲಿನ ನಿಜವಾದ ಪರೀಕ್ಷೆ ಅದು. ಇನ್ನೊಬ್ಬರಿಂದ ಮ್ಯಾಗಜಿನ್ ತುಂಬಿಸಿ, ನಡುವೆ ಒಂದು ಡಮ್ಮಿಯನ್ನು ನಿಮಗೆ ತಿಳಿಯದಂತೆ ಸೇರಿಸಲು ಹೇಳಿ. ಡಮ್ಮಿಯ ಮೇಲೆ ಟ್ರಿಗರ್ ಬಿದ್ದಾಗ ಮೂತಿ ಕೆಳಕ್ಕೆ ಕುಕ್ಕಿದರೆ ಒದೆತದ ಅಂಜಿಕೆ ಇನ್ನೂ ಕೈಯಲ್ಲಿದೆ ಎಂದರ್ಥ.

ತಡೆ ಬಂದಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೊದಲು ಅದೇ ಪಿಸ್ತೂಲನ್ನು ಅನುಭವಿ ತರಬೇತುದಾರರ ಕೈಯಲ್ಲಿ ಅಲ್ಲಿಯೇ ಹಾರಿಸಿ ನೋಡಿ. ಅವರಲ್ಲಿ ತಡೆ ಇಲ್ಲದಿದ್ದರೆ ತಪ್ಪು ಹಿಡಿತದ್ದು. ಅವರಲ್ಲೂ ಬಂದರೆ ಮ್ಯಾಗಜಿನ್ ಬದಲಿಸಿ, ಆಮೇಲೆ ಗುಂಡಿನ ಪೆಟ್ಟಿಗೆ ಬದಲಿಸಿ. ತೋಟಾದ ಟೋಪಿಯ ಮೇಲೆ, ಅದನ್ನು ಬಡಿಯುವ ಸೂಜಿಯ ಗುರುತು ಆಳವಾಗಿದ್ದೂ ಹೊತ್ತದಿದ್ದರೆ ದೋಷ ಗುಂಡಿನದು. ಗುರುತು ತೆಳ್ಳಗಿದ್ದರೆ ಸೂಜಿಯ ಸ್ಪ್ರಿಂಗಿನದು ಅಥವಾ ಅದರ ದಾರಿಯಲ್ಲಿ ಕೂತ ಜಿಡ್ಡಿನದು. ಹೊತ್ತದ ಗುಂಡನ್ನು ಕೂಡಲೇ ಹೊರಗೆ ಎಳೆಯಬಾರದು. ಮೂತಿಯನ್ನು ಗುರಿಯ ಕಡೆಗೇ ಇಟ್ಟು ಕನಿಷ್ಠ ಅರ್ಧ ನಿಮಿಷ ಕಾಯಬೇಕು, ತಡವಾಗಿ ಸಿಡಿಯುವ ಸಂಭವವಿದೆ. ಸದ್ದು ಕ್ಷೀಣವಾಗಿ ಬಂದು ಒದೆತವೇ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಪಿಸ್ತೂಲು ಖಾಲಿ ಮಾಡಿಸಿ, ನಳಿಕೆಯಲ್ಲಿ ಸೀಸ ಸಿಕ್ಕಿದೆಯೇ ಎಂದು ತರಬೇತುದಾರರಿಂದ ನೋಡಿಸಬೇಕು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ನಳಿಕೆ ಒಡೆದು ಕೈ ಹೋಗಬಹುದು.

ಏಳನೆಯ ಹೆಜ್ಜೆ: ಕಿಸೆಯೊಳಗಿನ ಪರಿಸರವನ್ನು ನೋಡಿಕೊಳ್ಳುವುದು

ಪಿಸ್ತೂಲು ಇಡುವ ಕಿಸೆಯಲ್ಲಿ ಬೇರೆ ಏನೂ ಇರಬಾರದು. ನಿಪ್ಪಾಣಿ ಕಡೆಯವರ ಕಿಸೆಯಲ್ಲಿ ತಂಬಾಕಿನ ಚೀಲ, ಸುಣ್ಣದ ಡಬ್ಬಿ, ಅಡಕೆಯ ಚೂರು ಸಾಮಾನ್ಯ. ಆ ಹುಡಿ ಬಟ್ಟೆಯ ನೂಲಿನ ಜೊತೆ ಕೂಡಿ, ಎಣ್ಣೆಗೆ ಅಂಟಿಕೊಂಡು, ತೋಟಾ ಎಳೆಯುವ ಕೊಕ್ಕೆಯ ಕೆಳಗೆ ಕಪ್ಪು ಮೇಣದಂತೆ ಗಟ್ಟಿಯಾಗುತ್ತದೆ. ಕೊಕ್ಕೆ ಆಗ ತೋಟಾದ ಅಂಚನ್ನು ಪೂರ್ತಿ ಹಿಡಿಯುವುದಿಲ್ಲ. ಟ್ರಿಗರನ್ನು ಪೂರ್ತಿ ಮುಚ್ಚುವ ಕಿಸೆ-ಹೋಲ್‌ಸ್ಟರ್ ಇಲ್ಲದೆ ಪಿಸ್ತೂಲನ್ನು ಬರಿದೇ ಕಿಸೆಗೆ ಹಾಕುವುದು ಅಪಾಯಕರ. ಹಳೆಯ ಪಿಸ್ತೂಲುಗಳಲ್ಲಿ ಅನೇಕಕ್ಕೆ ಕೆಳಗೆ ಬಿದ್ದಾಗ ಸೂಜಿಯನ್ನು ತಡೆಯುವ ಏರ್ಪಾಡು ಇಲ್ಲವಾದ್ದರಿಂದ ಅವುಗಳನ್ನು ನಳಿಕೆಯ ಮನೆ ಖಾಲಿ ಇಟ್ಟೇ ಒಯ್ಯಬೇಕು.

ಎಣ್ಣೆಯ ವಿಷಯದಲ್ಲಿ ಊರು ನೋಡಿ ನಡೆಯಬೇಕು. ಬಾಗಲಕೋಟೆ, ವಿಜಯಪುರದ ಎರೆ ಮಣ್ಣಿನ ಧೂಳು ಬೇಸಿಗೆಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಹಾರುತ್ತದೆ; ಅಲ್ಲಿ ಎಣ್ಣೆ ಹೆಚ್ಚಾದರೆ ಅದು ಧೂಳನ್ನು ಹಿಡಿದು ಸಾಣೆಯಂತೆ ಉಜ್ಜುತ್ತದೆ, ಆದ್ದರಿಂದ ಸ್ಲೈಡಿನ ಹಳಿಗಳ ಮೇಲೆ ಒಂದೊಂದು ಹನಿ ಸವರಿ ಒರೆಸಿದರೆ ಸಾಕು. ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ತುಕ್ಕೇ ಶತ್ರು. ಹೊರಮೈಗೆ, ನಳಿಕೆಗೆ ತೆಳುವಾದ ಎಣ್ಣೆಯ ಪದರ ಇರಲೇಬೇಕು, ಚರ್ಮದ ಹೋಲ್‌ಸ್ಟರ್‌ನಲ್ಲಿ ರಾತ್ರಿಯಿಡೀ ಬಿಡಬಾರದು, ಚರ್ಮ ತೇವವನ್ನು ಹೀರಿ ಹಿಡಿಯುತ್ತದೆ. ಗುಂಡುಗಳಿಗೆ ಮಾತ್ರ ಯಾವ ಊರಿನಲ್ಲೂ ಎಣ್ಣೆ ತಾಗಿಸಬಾರದು. ಅದು ಟೋಪಿಯ ಸಂದಿಯಿಂದ ಇಳಿದು ಸಿಡಿಮದ್ದನ್ನು ಕೆಡಿಸುತ್ತದೆ. ದಸರೆಯ ಖಂಡೆಪೂಜೆಯಲ್ಲಿ ಪಿಸ್ತೂಲಿಗೆ ಅರಿಷಿಣ ಕುಂಕುಮ ಏರಿಸುವುದು ನಮ್ಮ ಸಂಪ್ರದಾಯ. ಖಾಲಿ ಮಾಡಿ, ಮೇಲೆ ಶುಭ್ರ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆಯೇ ಪೂಜೆ ಮಾಡಿದರೆ ಕುಂಕುಮ ಸ್ಲೈಡಿನ ಸಂದಿಗೂ ಸೂಜಿಯ ರಂಧ್ರಕ್ಕೂ ಇಳಿಯುವುದಿಲ್ಲ.

ಒಂದೇ ಗುಂಡನ್ನು ದಿನವೂ ನಳಿಕೆಗೆ ಏರಿಸಿ ಇಳಿಸುವವರು ಒಂದು ಅಪಾಯವನ್ನು ತಿಳಿದಿರಬೇಕು. ಪ್ರತಿ ಸಲವೂ ಗುಂಡಿನ ಮೂತಿ ನಳಿಕೆಯ ಹಿಂದಿನ ಇಳಿಜಾರಿಗೆ ಬಡಿದು ಸೀಸ ತೋಟಾದೊಳಗೆ ಕೊಂಚ ಕೊಂಚವಾಗಿ ಕುಸಿಯುತ್ತದೆ, ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಹೊಸ ಗುಂಡಿನ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಹೋಲಿಸಿ. ಗಿಡ್ಡವಾಗಿ ಕಂಡದ್ದನ್ನು ಹಾರಿಸದೆ ಬೇರೆಯಾಗಿ ಇಟ್ಟು, ಲೈಸೆನ್ಸ್ ಪಡೆದ ಅಂಗಡಿಯವರಿಗೆ ತೋರಿಸಿ ವಿಲೇವಾರಿ ಮಾಡಿಸಿ. ಉಳಿದಂತೆ ಅಭ್ಯಾಸಕ್ಕೆ ಹಳೆಯ ಗುಂಡನ್ನು ಮೊದಲು ಬಳಸಿ, ಹೊಸದನ್ನು ಸ್ವರಕ್ಷಣೆಗೆ ಉಳಿಸಿಕೊಳ್ಳಿ.

ಎಂಟನೆಯ ಹೆಜ್ಜೆ: ಚುನಾವಣೆ ವೇಳೆ ಆಯುಧ ಠೇವಣಿ ಇಟ್ಟ ನಂತರ ಮತ್ತೆ ಪರೀಕ್ಷಿಸುವುದು

ಚುನಾವಣೆ ಘೋಷಣೆಯಾದಾಗ ಆಯುಧವನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಪಡೆದ ಅಂಗಡಿಯಲ್ಲೋ ಠೇವಣಿ ಇಡಬೇಕಾಗಿ ಬರಬಹುದು. ಒಪ್ಪಿಸುವ ಮೊದಲು ಒಣ ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಮ್ಯಾಗಜಿನ್ ಖಾಲಿ ಮಾಡಿ, ಚರ್ಮದ ಚೀಲದ ಬದಲು ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಡಿ, ರಸೀದಿಯಲ್ಲಿ ನಂಬರು ಸರಿ ಇದೆಯೇ ನೋಡಿಕೊಳ್ಳಿ. ಮರಳಿ ಬಂದ ದಿನವೇ ಕಿಸೆಗೆ ಹಾಕಬೇಡಿ. ನಳಿಕೆಯೊಳಗೆ ಬೆಳಕು ಬಿಟ್ಟು ತುಕ್ಕು ನೋಡಿ, ಗಟ್ಟಿಯಾದ ಎಣ್ಣೆಯನ್ನು ತೆಗೆದು ಹೊಸದು ಹಾಕಿ, ಡಮ್ಮಿ ಗುಂಡುಗಳಿಂದ ಎರಡೂ ಮ್ಯಾಗಜಿನ್‌ಗಳನ್ನು ಓಡಿಸಿ, ಸಾಧ್ಯವಾದರೆ ರೇಂಜಿಗೆ ಹೋಗಿ ಒಂದು ಮ್ಯಾಗಜಿನ್ ಹಾರಿಸಿ ಬನ್ನಿ. ಸ್ಪ್ರಿಂಗ್ ಬದಲಿಸಿದಾಗಲೂ ಇದೇ ಕ್ರಮ.

ಹಿಡಿತ ತಿದ್ದಿಕೊಂಡು, ಮ್ಯಾಗಜಿನ್ ಬದಲಿಸಿ, ಸ್ಪ್ರಿಂಗ್ ಹೊಸದು ಹಾಕಿಸಿ, ಬೇರೆ ಪೆಟ್ಟಿಗೆಯ ಗುಂಡು ಹಾರಿಸಿದ ಮೇಲೂ ಪಿಸ್ತೂಲು ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಅದನ್ನು ಸರಿಮಾಡುವ ಹಟಕ್ಕೆ ಬೀಳಬೇಡಿ. ಲೈಸೆನ್ಸ್ ನೀಡಿದ ಕಚೇರಿಯಿಂದ ಅನುಮತಿ ಪಡೆದು, ಲೈಸೆನ್ಸ್ ಪಡೆದ ಅಂಗಡಿಯ ಮೂಲಕ ಅದನ್ನು ಬಿಟ್ಟುಕೊಟ್ಟು, ಇನ್ನೂರು ಗ್ರಾಂ ಹೆಚ್ಚು ತೂಗುವ ಇನ್ನೊಂದನ್ನು ನೋಡಿ.